ಕೊರ್ಬಿನಿಯನ್ ಮನೆಯ ನೆರೆಗೆರೆ

ಕೊರ್ಬಿನಿಯನ್ ತನ್ನ ಮನೆಗೋಡೆಯ ಮೇಲಿನ ನೆರೆಯ ಗೆರೆಯನ್ನು ಕೆಳಕ್ಕಿಳಿಸಿದ್ದಾನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನದಿ ಉಕ್ಕಿದಾಗಲೆಲ್ಲ ನೀರು ಎಲ್ಲಿಯವರೆಗೆ ಬಂತೋ ಅಲ್ಲಿ ಗೋಡೆಗೆ ಗೆರೆ ಕೊರೆದು, ಇಸವಿ ಕೆತ್ತುವುದು ನಮ್ಮೂರ ಪದ್ಧತಿ. ಅದನ್ನು ಮುಟ್ಟುವವನು ಇಗರ್ಜಿಯ ಶಿಲುಬೆಯನ್ನೂ ಮಾರಿಯಾನು. ೧೯೫೪ರ ನೆರೆಯಲ್ಲಿ ಇದೇ ಮನೆಯ ಮುಂದೆ ಎದೆಮಟ್ಟದ ನೀರಲ್ಲಿ ನಿಂತಿದ್ದೆ ಎಂದು ನನ್ನಜ್ಜಿ ಸಾಯುವವರೆಗೂ ಹೇಳುತ್ತಿದ್ದಳು. ಉಪ್ಪುಖಾರ ಹಚ್ಚಿ ಹೇಳುವವಳಲ್ಲ ಅವಳು. ಈಗ ನೋಡಿದರೆ ಆ ಗೆರೆ ನನ್ನ ಮೊಣಕಾಲಿಗೆ ಬರುತ್ತದೆ!

ನನ್ನ ಮಗಳು ಆಫ್ರಾ ಹಸುಗೂಸಿನೊಂದಿಗೆ ಆ ಮನೆಯ ಕೆಳಗಿನ ಕೋಣೆಗೆ ಅಂದೇ ಬಾಡಿಗೆಗೆ ಬಂದಿದ್ದಳು. ಹೊಸ ಗಾರೆ ಮೆತ್ತಿದ ಗೋಡೆ ಕಂಡು ನನ್ನ ಪಿತ್ತ ನೆತ್ತಿಗೇರಿತು.

“ಗೆರೆ ಎಷ್ಟು ಇಳಿಸಿದ್ಯೋ, ಕೊರ್ಬಿನಿಯನ್?”

ಅವನು ಪ್ರೆಟ್ಜೆಲ್ ಬ್ರೆಡ್ಡು ಕಡಿಯುತ್ತ ಹೊರಬಂದ. ಶಾಲೆಯಲ್ಲಿ ನನ್ನ ಜೊತೆ ಓದಿದವನು. ಆಗಲೂ ಮುಖದಲ್ಲಿ ಇದೇ ಕಳ್ಳಕಳೆ.

“ಬೆಳಿಗ್ಗೆನೇ ಶುರು ಹಚ್ಕೊಂಡ್ಯಾ, ಸೆನ್ಸಿ? ನಾನು ಮುಟ್ಟಿಲ್ಲ ಮಾರಾಯ್ತಿ.”

“ಹಾಗಾದ್ರೆ ನಮ್ಮಜ್ಜಿ ಸುಳ್ಳು ಹೇಳಿದ್ಲಾ?”

“ಇಲ್ಲ. ಒಳಗೆ ಬಾ, ತೋರಿಸ್ತೀನಿ.”

ಬಾಗಿಲು ದಾಟಿ, ಮೆಟ್ಟಿಲು ಇಳಿದು ಆಫ್ರಾಳ ಕೋಣೆಗೆ ಹೋದೆವು.

“ನಮ್ಮಪ್ಪನ ಕಾಲದಲ್ಲಿ ಈ ಮೆಟ್ಟಿಲೇ ಇರ್ಲಿಲ್ಲ, ಬೀದಿ ಈ ಕೋಣೆ ನೆಲದ ಸಮಕ್ಕಿತ್ತು. ಆಮೇಲೆ ಪುರಸಭೆಯೋರು ಮಣ್ಣು ಸುರಿದು ಸುರಿದು ಬೀದಿ ಎತ್ತರಿಸಿದ್ರು. ಗೆರೆ ಇದ್ದಲ್ಲೇ ಇದೆ ಕಣೇ.”

ನನಗೆ ನಾಚಿಕೆಯಾಯಿತು. ಊರ ಇತಿಹಾಸ ಬಲ್ಲವಳೆಂದು ಮೆರೆಯುವ ನಾನು ಬೀದಿಯನ್ನೇ ಮರೆತಿದ್ದೆ. ಕ್ಷಮೆ ಕೇಳಲು ಬಾಯಿ ತೆರೆದೆ. ಆದರೂ ಏನೋ ಸರಿಯಿಲ್ಲ ಅನಿಸಿತು.

ತೆರೆದ ಕಿಟಕಿಯಿಂದ ಕೈ ಚಾಚಿ ಹೊರಗಿನ ಗೆರೆ ಮುಟ್ಟಿದೆ. ಅದೇ ಮಟ್ಟದಲ್ಲಿ ಕೈಯನ್ನು ಒಳಗೆಳೆದುಕೊಂಡೆ. ಮಂಚದ ಮೇಲೆ ಕೂತಿದ್ದ ಆಫ್ರಾಳ ಹಣೆಗೆ ಅದು ಬಂತು. ಪಕ್ಕದ ತೊಟ್ಟಿಲಲ್ಲಿ ಮಗು ಅದಕ್ಕಿಂತ ಎಷ್ಟೋ ಕೆಳಗೆ ಮಲಗಿತ್ತು.

ಆಫ್ರಾ ನನ್ನ ಕೈಯನ್ನು ನೋಡಿದಳು, ತೊಟ್ಟಿಲನ್ನು ನೋಡಿದಳು.

“ಈಗ ನದಿಗೆ ಒಡ್ಡು ಕಟ್ಟಿದ್ದಾರಲ್ಲಮ್ಮ,” ಎಂದ ಕೊರ್ಬಿನಿಯನ್. “ನೀರು ಎಲ್ಲಿಂದ ಬರುತ್ತೆ?”

“ಮಾವ, ಮಹಡಿ ಮೇಲಿನ ಕೋಣೆ ಕೊಡ್ತೀರಾ?”

“ಅಲ್ಲಿ ನಾನಿದೀನಲ್ಲ. ಮೊದಲು ಇಲ್ಲೇ ಮಲಗ್ತಿದ್ದೆ, ಹೋದ ವಸಂತದಲ್ಲಿ ಮೇಲಕ್ಕೆ ಹೋದೆ.”

“ಒಡ್ಡು ಆಗಲೇ ಇತ್ತಲ್ವಾ?”

ಆಫ್ರಾ ಮಗುವನ್ನೆತ್ತಿಕೊಂಡು ಬೀದಿಯತ್ತ ಮೆಟ್ಟಿಲು ಹತ್ತಿದಳು.