ಹೊಲದ ಕೀಲಿಕೈ

ಶನಿವಾರ ಬೆಳಿಗ್ಗೆ ಕಸ್ತೂರಿಯ ಮುಂದೆ ನೂರಾ ಹನ್ನೆರಡು ಇಂಗ್ಲಿಷ್ ನುಡಿಗಟ್ಟುಗಳು ಉಳಿದಿದ್ದವು. ಸಂಜೆ ದೀಪ ಹಚ್ಚುವುದರೊಳಗೆ ಅಷ್ಟನ್ನೂ ಫ್ರೆಂಚಿಗೆ ತಂದು ಮುಗಿಸಿದರೆ, ಕೆಳಗೆ ದೇವರ ಮನೆಯ ತಿಜೋರಿಯಲ್ಲಿದ್ದ ಅವಳ ಅಂಕಪಟ್ಟಿ, ಪದವಿ ಪತ್ರ ಅವಳ ಕೈಗೆ ಬರಬೇಕು. ಕೆಲಸ ಕೊಟ್ಟ ಬಸವಲಿಂಗ ಹಾಗೆ ಮಾತು ಕೊಟ್ಟಿದ್ದ. ಮರುದಿನ ಅಮಾವಾಸ್ಯೆ, ಆ ದಿನ ಆ ಮನೆಯಿಂದ ಕಡ್ಡಿಯೂ ಹೊರಗೆ ಹೋಗುವುದಿಲ್ಲ. ಸೋಮವಾರ ಹತ್ತು ಗಂಟೆಗೆ ಬೆಳಗಾವಿಯಲ್ಲಿ ಮೂಲ ಕಾಗದಗಳನ್ನು ತೋರಿಸದಿದ್ದರೆ, ಹುಕ್ಕೇರಿಯ ವಸತಿ ಶಾಲೆಯ ಇಂಗ್ಲಿಷ್ ಶಿಕ್ಷಕಿಯ ಕೆಲಸ ಪಟ್ಟಿಯಲ್ಲಿ ಅವಳ ಹಿಂದಿದ್ದವರಿಗೆ ಹೋಗುತ್ತಿತ್ತು.

ಮೂಡಲಗಿಯ ಆ ಮನೆಯಲ್ಲಿ ಬಸವಲಿಂಗ ಮೊದಲು ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ. ಎರಡು ವರ್ಷದ ಹಿಂದೆ ಪುಣೆಯ ಪ್ರಕಾಶಕರೊಬ್ಬರಿಂದ ಅನುವಾದದ ಕೆಲಸ ಹಿಡಿದ. ಫ್ರೆಂಚ್ ಬಲ್ಲವರು ಇಂಗ್ಲಿಷ್ ಕಲಿಯಲು ಬೇಕಾದ ಪುಸ್ತಕ ಅದು. ಬೆಳಗಾವಿಯಲ್ಲಿ ಮೂರು ವರ್ಷ ಇಂಗ್ಲಿಷ್, ಫ್ರೆಂಚ್ ಓದಿ ಧುಪದಾಳಕ್ಕೆ ಮರಳಿ, ಅಪ್ಪನ ಕುರಿಹಟ್ಟಿಯ ಬಾಜೂ ಸುಮ್ಮನೆ ಕೂತಿದ್ದ ಕಸ್ತೂರಿ ಅವನಿಗೆ ಸಿಕ್ಕಳು.

ಆ ವರ್ಷದ ಮಹಾನವಮಿಗೆ ಮನೆಯಲ್ಲಿ ಆಯುಧ ಪೂಜೆ ಇತ್ತು. ಬಸವಲಿಂಗನ ತಾಯಿ ಅಕ್ಕವ್ವ ಎಲ್ಲರನ್ನೂ ಕರೆದಳು. "ಯಾವುದರ ಮ್ಯಾಲ ನಿನ್ನ ಅನ್ನ ಐತಿ, ಅದನ್ನ ಇಡು ತಂಗಿ." ಅಚ್ಚಿನವನು ಅಚ್ಚುಮೊಳೆಗಳನ್ನಿಟ್ಟ. ಕಸ್ತೂರಿಯ ಅಪ್ಪ ಊರಲ್ಲಿ ಉಣ್ಣೆ ಕತ್ತರಿ ಇಡುತ್ತಿದ್ದ. ಅವಳು ಚೀಲದಲ್ಲಿದ್ದ ಕಾಗದಗಳನ್ನು ತನ್ನ ಕೈಯಿಂದಲೇ ಇಟ್ಟಳು. ಮರುದಿನ ಎಲ್ಲರೂ ತಮ್ಮ ತಮ್ಮದನ್ನು ಎತ್ತಿಕೊಂಡರು. ಅವಳದು ಮಾತ್ರ ಕೆಂಪು ಅರಿವೆಯಲ್ಲಿ ಸುತ್ತಿ ತಿಜೋರಿ ಸೇರಿತ್ತು.

"ಇರ್ಲಿ ಬಿಡು," ಎಂದಿದ್ದಳು ಅಕ್ಕವ್ವ. "ಅವು ಬಂದ ಮ್ಯಾಲ ಈ ಮನಿಗೆ ರೊಕ್ಕ ಬಂತು. ಲಕ್ಷ್ಮಿ ಅದಾವು."

ಶುಕ್ರವಾರಕ್ಕೊಮ್ಮೆ ಅವಕ್ಕೆ ಕುಂಕುಮ ಏರುತ್ತಿತ್ತು. ಕೇಳಿದಾಗಲೆಲ್ಲ ಒಂದು ಅಡ್ಡಿ: ಇವತ್ತು ಮಂಗಳವಾರ, ಇವತ್ತು ಹುಣ್ಣಿಮೆ, ಈಗ ದೀಪ ಹಚ್ಚಿ ಆಯ್ತು. ಬೈಗುಳವಿಲ್ಲ, ಕರಾರಿಲ್ಲ. ಮಧ್ಯಾಹ್ನ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಪಂಚಮಿಗೆ ಕುಪ್ಪಸದ ಖಣ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಮಧ್ಯಾಹ್ನ ಬಸವಲಿಂಗ ಮೇಲೆ ಬಂದ.

"ಎಲ್ಲಿಗೆ ಬಂತು ತಂಗಿ?"

"ಪುಟ್ ಅಪ್ ವಿತ್, ಕಾಕಾ."

"ಅಂದ್ರ?"

"ತಡಕೊಳ್ಳೂದ್ರಿ. ಫ್ರೆಂಚಿನ್ಯಾಗ ಸ್ಯುಪೋರ್ತೆ, ಅಷ್ಟ."

"ನೋಡವಾ! ಇಂಗ್ಲಿಷಿನವರಿಗೆ ಮೂರು ಮಾತು ಬೇಕು, ಫ್ರೆಂಚರು ಒಂದರಾಗ ಮುಗಸ್ತಾರ. ತಡಕೊಂಡು ತಡಕೊಂಡು ರೂಢಿ ಆಗಿರಬೇಕು."

ಕಸ್ತೂರಿ ಮೊದಲು ಉದ್ದನೆಯ ವಹಿಯಲ್ಲಿ ಬರೆದು, ಆಮೇಲೆ ಕಂಪ್ಯೂಟರಿಗೆ ಹಾಕುತ್ತಿದ್ದಳು. ವಹಿಯಲ್ಲಿ ಮೂರು ಸಾಲು: ಇಂಗ್ಲಿಷ್, ಫ್ರೆಂಚ್, ಕೆಳಗೆ ತಮ್ಮೂರ ಮಾತು. ಮೂರನೆಯ ಸಾಲನ್ನು ಪುಣೆಯವರು ಕೇಳಿರಲಿಲ್ಲ, ಅದು ಅವಳದು. ಎಂದಾದರೂ ತಮ್ಮೂರ ಮಕ್ಕಳಿಗೆ ಒಂದು ಪುಸ್ತಕ ಮಾಡಬೇಕೆಂದು ಎರಡು ವರ್ಷ ಕೂಡಿಸಿದ್ದಳು. ಅದರ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಬಿಸಿಲು ಕಿಟಕಿಯ ಕೆಳಗಿನ ಸರಳಿಗೆ ಇಳಿದಾಗ ಕೊನೆಯದು ಬಂತು. ಹೇಳದೆ ಕೇಳದೆ ಓಡಿಹೋಗುವುದಕ್ಕೆ ಇಂಗ್ಲಿಷಿನವರು ಅನ್ನುವ ಮಾತು. ಅದಕ್ಕೆ ಫ್ರೆಂಚರು ಹೊಲದ ಕೀಲಿಕೈ ತೆಗೆದುಕೊಳ್ಳುವುದು ಅನ್ನುತ್ತಾರೆ.

ಮತ್ತೆ ಮೇಲೆ ಬಂದಿದ್ದ ಬಸವಲಿಂಗ ಅದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕ. "ಹೊಲಕ್ಕ ಯಾವಾಂವ ಕೀಲಿ ಹಾಕ್ತಾನ? ನಿಮ್ಮಪ್ಪನ ಕುರಿ ಯಾವ ಕೀಲಿ ತಗದು ನಮ್ಮ ಗ್ವಾಂಜಾಳದ ಹೊಲದಾಗ ಬರ್ತಾವ?"

ಮೂರನೆಯ ಸಾಲು ಹೊಳೆಯಲಿಲ್ಲ. ಖಾಲಿ ಬಿಟ್ಟು, ಕಂಪ್ಯೂಟರಿನಿಂದ ಅಚ್ಚಾದ ಹಾಳೆಗಳನ್ನೂ ವಹಿಯನ್ನೂ ಎತ್ತಿಕೊಂಡು ಕೆಳಗಿಳಿದಳು.

ಅಕ್ಕವ್ವ ಬತ್ತಿ ಹೊಸೆದಿಟ್ಟಿದ್ದಳು, ಹಚ್ಚಿರಲಿಲ್ಲ. ಸೊಂಟದ ಕೀಲಿಕೈ ಬಿಚ್ಚಿ ತಿಜೋರಿ ತೆಗೆದಳು. ಕೆಂಪು ಗಂಟು ಬಿಚ್ಚಿ ಎಲ್ಲ ಕಾಗದ ಕೊಟ್ಟಳು. ಎಲ್ಲಕ್ಕಿಂತ ದಪ್ಪನೆಯದನ್ನು ಮಾತ್ರ ಒಳಗೇ ಇಟ್ಟಳು. ಅದು ಪದವಿ ಪತ್ರ.

"ಆಯೀ, ಅದೂ ಬೇಕ್ರಿ."

"ಕಣಜದಾಗಿಂದ ಕಾಳು ಕೊಡೂವಾಗ ಹಿಡಿ ಕಾಳು ಹಿಂದ ಬಿಡ್ತೀವಿಲ್ಲೋ? ಪೂರಾ ಬರಿದು ಮಾಡಬಾರದವ್ವ."

"ಅದ ಮುಖ್ಯ ಐತ್ರಿ. ಅದಿಲ್ಲಂದ್ರ ಉಳದದ್ದು ಯಾರೂ ನೋಡೂದಿಲ್ಲ."

"ಮುಖ್ಯ ಇದ್ದದ್ದ ಇರಬೇಕು. ಇಲ್ಲಂದ್ರ ನೀ ತಿರುಗಿ ಯಾಕ ಬರ್ತಿ?"

"ಎವ್ವಾ, ಕೊಟ್ಟಬಿಡು, ನಾ ಮಾತು ಕೊಟ್ಟೇನಿ," ಎಂದ ಬಸವಲಿಂಗ.

"ನೀ ಸುಮ್ಮ ಕುಂದ್ರೋ. ಮಾತು ಕೊಟ್ಟಾಂವ ನೀ. ಕೀಲಿ ನನ್ನದು."

ಕಸ್ತೂರಿ ಅಚ್ಚಾದ ಹಾಳೆಗಳನ್ನು ಮುಂದೆ ಚಾಚಿದಳು. "ಬರಿದು ಆಗೂದಿಲ್ರಿ ಆಯೀ. ಇದನ್ನ ಇಡ್ರಿ. ನನ್ನ ಕೆಲಸಾನ ಇದು."

ಅಕ್ಕವ್ವ ಹೆಬ್ಬೆರಳಿನಿಂದ ಹಾಳೆ ತಿಕ್ಕಿ ನೋಡಿದಳು. "ಇದು ಮಷೀನದ್ದು. ನಿನ್ನ ಕೈಯಾಂದು ಕೊಡು." ಅವಳ ಕಣ್ಣು ಎದೆಗವಚಿದ ವಹಿಯ ಮೇಲಿತ್ತು. ಕೈ ಕಡ್ಡಿಪೆಟ್ಟಿಗೆ ಹುಡುಕುತ್ತಿತ್ತು.

ಹೊಸ್ತಿಲಿನ ಮೇಲೆ ಬಿಸಿಲು ಒಂದು ಗೇಣೂ ಇರಲಿಲ್ಲ. ಕಸ್ತೂರಿ ವಹಿಯನ್ನು ಇಟ್ಟಳು. ಅಕ್ಕವ್ವ ಅದಕ್ಕೆ ಕುಂಕುಮ ಹಚ್ಚಿ ಕೆಂಪು ಅರಿವೆಯಲ್ಲಿ ಸುತ್ತಿದಳು, ಪದವಿ ಪತ್ರ ಕೊಟ್ಟಳು, ಕೀಲಿ ತಿರುವಿದಳು.

"ನನ್ನ ವಹಿ ಯಾವಾಗ ಕೊಡ್ತೀರಿ, ಆಯೀ?"

"ಬರೂ ಮಾನೌಮಿಗೆ ಬಾ. ನೋಡೂಣು." ದೀಪ ಹತ್ತಿತು. "ಕುಂದ್ರು, ಚಾ ಕುಡದು ಹೋಗು."

ಚಹಾ ಕುಡಿದೇ ಅವಳು ಹೊರಬಿದ್ದಳು.

ಘಟಪ್ರಭಾ ಬಸ್ಸಿನಲ್ಲಿ ಕಾಗದ ಬಿಡಿಸಿದರೆ ಮಡಿಲ ತುಂಬ ಕುಂಕುಮ ಉದುರಿತು. ಹೆಸರು, ನಂಬರು ಕಾಣುತ್ತಿದ್ದವು. ಸೋಮವಾರಕ್ಕೆ ಅಷ್ಟು ಸಾಕು. ಕಂಡಕ್ಟರ್ ನೋಡಿದ. "ದೇವರಿಗೆ ಹೋಗಿದ್ದೇನವಾ?"

"ಹೂನ್ರಿ."

ಅರಭಾವಿ ದಾಟುವಾಗ ಮುಂದಿನ ಸೀಟಿನ ಹೆಂಗಸು ಯಾರ ಮಗಳ ಸುದ್ದಿಯನ್ನೋ ಹೇಳುತ್ತಿದ್ದಳು. "ಏನ್ ಹೇಳ್ತಿ, ದಾವಣಿ ಹರಕೊಂಡು ಹೋದ್ಳು ನೋಡು!"

ದನ ಕಟ್ಟಿದ ಹಗ್ಗ ಹರಿದುಕೊಂಡು ಓಡುವ ಮಾತು; ಖಾಲಿ ಬಿಟ್ಟ ಸಾಲಿಗೆ ಬೇಕಾದದ್ದು ಅದೇ. ಕಸ್ತೂರಿಯ ಕೈ ವಹಿ ಹುಡುಕಿ ಚೀಲದೊಳಗೆ ಹೋಯಿತು. ಕಾಗದಗಳಿದ್ದವು, ಪೆನ್ನಿತ್ತು. ಅವಳು ಅಂಗೈ ಮೇಲೆ ಬರೆಯಲು ನೋಡಿದಳು. ಕುಂಕುಮ ಹತ್ತಿದ ಕೈಯಲ್ಲಿ ಶಾಯಿ ಮೂಡಲಿಲ್ಲ.