ಮರುಮಾತಾಡದ ಅತಿಥಿ

ವಿಡಿಯೋದಲ್ಲಿ ಅಮ್ಮ ಮಂಡಿಯೂರಿ ಕೂತಿದ್ದಳು. ನಮ್ಮದೇ ಅಂಗಳ, ನಮ್ಮದೇ ಚಾಪೆ, ಹಿಂದೆ ಒಣಹಾಕಿದ ಕಾಫಿ. ಹೋದ ವಾರ ನಮ್ಮೂರು ಮಸಾಕಾಗೆ ಬಂದಿದ್ದ ಪರದೇಶಿಯೊಬ್ಬ, ತೋಟ ನೋಡುವ ನೆಪದಲ್ಲಿ ಮನೆಗೆ ಬಂದು ತೆಗೆದದ್ದು. ಕೆಳಗೆ ಬರೆದಿದ್ದ: ‘ಉಗಾಂಡಾದಲ್ಲಿ ಬಿಳಿಯರನ್ನು ಕಂಡರೆ ಈಗಲೂ ಮಂಡಿಯೂರುತ್ತಾರೆ. ಇಲ್ಲಿ ನಾನೇ ರಾಜ.’

ಮೈ ಉರಿಯಿತು. ಅದಕ್ಕಿಂತ ಹೆಚ್ಚು ಉರಿಸಿದ್ದು ನಮ್ಮವರ ಮಾತು. ಕಂಪಾಲಾದ ಯಾರೋ ಬರೆದಿದ್ದರು: ‘ಇಂಥ ಮುದುಕಿಯರಿಂದಲೇ ದೇಶದ ಮಾನ ಹೋಗೋದು.’

“ಅಮ್ಮ ರಾಜಧಾನಿಯಲ್ಲೂ ಫೇಮಸ್ಸು ಕಣೇ,” ಅಂದ ಅಣ್ಣ ಕಸಿರ್ಯೆ. ಪರದೇಶದವರಿಗೆ ಊರು ತೋರಿಸುವುದೇ ಅವನ ಕೆಲಸ. ಈ ವಿಡಿಯೋದವನನ್ನು ಕರೆತಂದವನೂ ಅವನೇ.

“ನಗಬೇಡ, ಹಲ್ಲುದುರಿಸ್ತೀನಿ.”

ಆ ಪರದೇಶಿಯ ವಿಡಿಯೋದ ಪಕ್ಕದಲ್ಲಿ ನನ್ನ ಮುಖ ಇಟ್ಟು ಉತ್ತರ ಹಾಕಿದೆ. ನಮ್ಮ ಹೆಂಗಸರು ಮಾವನಿಗೂ, ನೆರೆಯವನಿಗೂ, ಮೀನು ಮಾರುವವನಿಗೂ ಮಂಡಿಯೂರಿಯೇ ಕ್ಷೇಮ ಕೇಳುತ್ತಾರೆ, ನಿನ್ನ ಚರ್ಮಕ್ಕಲ್ಲ ಕಣೋ ಎಂದೆ. ಇನ್ನೂ ಏನೇನೋ ಬೈದೆ. ಸಂಜೆಯೊಳಗೆ ಅವನದಕ್ಕಿಂತ ಹೆಚ್ಚು ಜನ ನನ್ನದನ್ನು ನೋಡಿದ್ದರು. ಗೆದ್ದೆ ಅಂದುಕೊಂಡು ಅಮ್ಮನಿಗೆ ಹೇಳಿದೆ.

ಅಮ್ಮ ಬಾಳೆಕಾಯಿ ಸುಲಿಯುತ್ತಿದ್ದಳು. ಚಾಕು ನಿಂತಿತು.

“ಅಂದ್ರೆ ಮತ್ತೆ ನನ್ನನ್ನೇ ತೋರಿಸಿದ್ಯಾ?”

“ಅವನಿಗೆ ಬುದ್ಧಿ ಕಲಿಸೋಕಮ್ಮ.”

“ಅವನು ಒಂದ್ಸಲ ಕೂರಿಸಿದ. ನೀನು ಊರೂರು ಸುತ್ತಿಸಿ ಕೂರಿಸ್ದೆ. ಫೋನ್ ಕೊಡಿಲ್ಲಿ.”

ಅಂಟುಗೈಯನ್ನು ಬಟ್ಟೆಗೆ ಒರೆಸಿಕೊಂಡು ನೋಡಿದಳು. ಅವಳು ಆ ವಿಡಿಯೋ ನೋಡಿದ್ದು ಆಗಲೇ ಮೊದಲು.

“ನೋಡು, ರಾತ್ರಿ ಹೇಗೆ ಕಳೀತಪ್ಪ ಅಂತ ಕ್ಷೇಮ ಕೇಳ್ತಿದ್ದೀನಿ. ಹಲ್ಲು ಕಿರೀತಾನೆ. ಮತ್ತೆ ಕೇಳ್ದೆ. ಉತ್ತರ ಬರದೆ ಹೇಗೆ ಏಳಲಿ? ಮಂಡಿ ಸಿಡೀತಿತ್ತು. ಪಾಪ, ಗೊತ್ತಿಲ್ಲವೇನೋ ಅಂತ ಕಾದೆ.”

ಕಸಿರ್ಯೆ ನೆಲ ನೋಡಿದ. “ಏನನ್ನಬೇಕು ಅಂತ ನಾನು ಹೇಳ್ಕೊಟ್ಟಿದ್ದೆ. ಅವನೇ, ‘ಇರು, ಉತ್ತರ ಕೊಟ್ರೆ ಎದ್ದುಬಿಡ್ತಾಳೆ, ಇನ್ನಷ್ಟು ತೆಗೀತೀನಿ’ ಅಂದ.”

“ನೀನು?”

“ಗಿರಾಕಿ ಕಣೇ ಅವನು.”

ನನ್ನ ಕೈಗೆ ಸಿಕ್ಕ ಬಾಳೆಸಿಪ್ಪೆ ಅವನ ಮುಖಕ್ಕೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ. ಅಮ್ಮ ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟಳು.

“ನಕಿಟ್ಟೊ, ನಿನ್ನ ವಿಡಿಯೋನ ಮೊದಲು ತೆಗೆದುಹಾಕು.”

ತೆಗೆದೆ. ಸಾವಿರಾರು ಜನರ ಶಭಾಷ್‌ಗಿರಿ ಒಂದೇ ಒತ್ತಿಗೆ ಹೋಯಿತು.

“ಕಸಿರ್ಯೆ, ಅವನಿಗೆ ಫೋನ್ ಮಾಡು. ಜೋರಾಗಿ ಕೇಳೋ ಹಾಗಿಡು. ನಾನು ಹೇಳಿದ್ದನ್ನ ಹೇಳಿದ ಹಾಗೇ ಅವನ ಭಾಷೇಲಿ ಹೇಳು.”

ಪರದೇಶಿ ಖುಷಿಯಿಂದಲೇ ಎತ್ತಿದ. ಅಮ್ಮ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಿದ್ದಳು.

“ರಾತ್ರಿ ಹೇಗೆ ಕಳೀತಪ್ಪ?”

ಅಣ್ಣ ಹೇಳಿದ. ಆ ಕಡೆ ನಗು. ಆಮೇಲೆ ನಗು ಸಣ್ಣದಾಯಿತು. ಅವನೇನೋ ಗೊಣಗಿದ.

“ನಿನಗೆ ಬೇಜಾರಾಗಿದ್ರೆ ಮುಖ ಕಾಣದ ಹಾಗೆ ಮಸುಕು ಮಾಡ್ತಾನಂತೆ,” ಅಂದ ಅಣ್ಣ.

“ನನ್ನ ಮುಖ ಯಾಕೆ ಮುಚ್ಚಬೇಕು? ನಾನೇನು ಕದ್ದಿದ್ದೀನಾ? ಆ ವಿಡಿಯೋನೇ ತೆಗೆದುಹಾಕಲಿ. ಅದಕ್ಕೂ ಮುಂಚೆ ಅವತ್ತು ಬೆಳಗ್ಗೆ ಕೇಳಿದ್ದಕ್ಕೆ ಉತ್ತರ ಕೊಡಲಿ. ಕೇಳು: ರಾತ್ರಿ ಹೇಗೆ ಕಳೀತಪ್ಪ?”

ಅಣ್ಣನ ದನಿ ಈ ಸಲ ಗಟ್ಟಿಯಾಗಿತ್ತು. ಆ ಕಡೆ ಫೋನ್ ಕಟ್ಟಾಯಿತು.

“ಮತ್ತೆ ಮಾಡು,” ಅಂದಳು ಅಮ್ಮ.