ನಿಲ್ಲಿಸಿಟ್ಟ ಹಲಗೆ

ಅಧ್ಯಕ್ಷರ ಲೋಟಕ್ಕೆ ನೀರು ಬೀಳುವ ಸದ್ದು, ಅಯ್ಯೋ, ಈಗಲೇ ಸುರಿಯಬೇಕಿತ್ತೇ ಇವರು — ನಿಯೂಮಾ ಕಾಲ ಮೇಲೆ ಕಾಲು ಬಿಗಿದು ಕುಳಿತಳು, ಬೆಳಿಗ್ಗೆ ಇನ್ನೊಂದು ಲೋಟ ಚಹಾ ಕುಡಿಯಬಾರದಿತ್ತು, ಕೊಲಂಬೊದ ಈ ಸಭಾಂಗಣದ ಚಳಿ ಬೇರೆ, ಎದುರಿನ ದೊಡ್ಡ ದೇಶದವರು ಸಾಲುಸಾಲು, ಒಬ್ಬ ಎದ್ದರೆ ಇನ್ನೊಬ್ಬ ಬಂದು ಕೂರುತ್ತಾನೆ, ಮಾಲ್ದೀವ್ಸ್‌ನಿಂದ ಬಂದವರು ಅವಳೂ ರಶೀದನೂ, ಅವನೋ ಪಕ್ಕದ ಕೋಣೆಯಲ್ಲಿ ಇನ್ನೊಂದು ಸಭೆಗೆ ಕಾವಲು, ಇವಳೆದ್ದರೆ ಕುರ್ಚಿ ಖಾಲಿ, ಖಾಲಿ ಕುರ್ಚಿ ಎಂದರೆ ಒಪ್ಪಿಗೆ ಎಂದೇ ಲೆಕ್ಕ, ಅಧ್ಯಕ್ಷರ ಸುತ್ತಿಗೆ ಬಿದ್ದರೆ ಮುಗಿಯಿತು — ಟ್ಯೂನಾ ಹಿಡಿಯುವುದನ್ನು ಎಲ್ಲರೂ ಸಮನಾಗಿ ಕಡಿಮೆ ಮಾಡಬೇಕಂತೆ, ಸಮನಾಗಿ! ಊರಗಲದ ಬಲೆ ಬೀಸುವ ಹಡಗಿಗೂ, ತನ್ನೂರು ಗೆಮನಫುಶಿಯಲ್ಲಿ ಗಳಕ್ಕೆ ಗಾಳ ಕಟ್ಟಿ ಒಂದೊಂದೇ ಮೀನೆತ್ತುವ ಅಪ್ಪ, ಅವಳ ಬಪ್ಪನಿಗೂ ಒಂದೇ ತಕ್ಕಡಿ, ಗಾಳದವರಿಗೆ ವಿನಾಯಿತಿ ಎಂಬ ಅವಳ ಸಾಲು ಠರಾವಿಗೆ ಸೇರದಿದ್ದರೆ ಊರಿನ ಅರ್ಧ ದೋಣಿ ದಡಕ್ಕೆ, ಫೋನಿನಲ್ಲಿ ಬಪ್ಪ ನಕ್ಕಿದ್ದ, ಏನಮ್ಮಾ, ಇಷ್ಟೇ ಬನ್ನಿ ಅಂತ ಮೀನಿಗೂ ಹೇಳಿದ್ದೀರಾ? ಪಕ್ಕದಲ್ಲಿ ಸೆಶೆಲ್ಸ್‌ನ ಮಾರ್ಲೆನ್, ಇಂಥ ಸಭೆಗಳಲ್ಲೇ ತಲೆ ನರೆತವಳು, ಬಾಗಿ ಪಿಸುಗುಟ್ಟುತ್ತಾಳೆ, ಯಾಕೇ ಹುಡುಗಿ, ಮುಳ್ಳಿನ ಮೇಲೆ ಕೂತಂಗಿದೀಯ, ಹೋಗ್ಬರಬಾರದಾ? ಹೋದ್ರೆ ನನ್ನ ಸಾಲೂ ಹೋಗುತ್ತೆ ಅಕ್ಕ. ದಡ್ಡಿ, ದೇಶದ ಹೆಸರಿನ ಹಲಗೆ ನಿಲ್ಲಿಸಿ ಹೋಗು, ಮಾತಾಡ್ಬೇಕು ಅಂತ ಹಲಗೆ ನಿಂತಿರೋವರೆಗೂ ಅಧ್ಯಕ್ಷ ಸುತ್ತಿಗೆ ಮುಟ್ಟೋ ಹಾಗಿಲ್ಲ, ನಾವು ಚಿಕ್ಕೋರು ಹೀಗೇ ಬದುಕಿರೋದು — ನಂಬಬಹುದೇ, ಇವಳೂರಿನ ಡಬ್ಬಿ ಮೀನಿನ ಕಾರ್ಖಾನೆಗೆ ಬಲೆಯ ಮೀನೇ ಬೇಕು, ಆದರೆ ದೇಹ ತರ್ಕ ಕೇಳುವುದಿಲ್ಲ, ಹಲಗೆಯನ್ನು ನೆಟ್ಟಗೆ ನಿಲ್ಲಿಸಿದಳು, ನಡೆದಳು, ಬಾಗಿಲು ದಾಟಿದ ಮೇಲೆ ಶೌಚಾಲಯಕ್ಕೆ ಓಡಿದಳು, ಅಲ್ಲಾಹ್, ಜನ್ನತ್ ಎಂದರೆ ಇದೇ ಇರಬೇಕು. ತಿರುಗಿ ಬಂದರೆ ಸಭೆಯಿಡೀ ಅವಳತ್ತ ನೋಡುತ್ತಿದೆ, ಹಲಗೆ ನಿಂತೇ ಇದೆ, ದೊಡ್ಡ ದೇಶದ ಮುಖಂಡ ಕೆಮ್ಮಿ, ತಾವು ದುಡುಕುವುದು ಬೇಡ, ಆ ಸಾಲು ಸೇರಲಿ, ನಮ್ಮ ಅಡ್ಡಿಯಿಲ್ಲ ಅನ್ನುತ್ತಾನೆ, ದುಡುಕುವುದೇ? ಯಾರು? ಮಾರ್ಲೆನ್ ಬಾಯಿಗೆ ಕೈ ಅಡ್ಡ ಹಿಡಿದು, ನೀನು ಮಂತ್ರಿಗೆ ಫೋನ್ ಮಾಡೋಕೆ ಹೋದೆ, ಠರಾವನ್ನೇ ಬೀಳಿಸ್ತೀಯೇನೋ ಅಂತ ಅವರಿಗೆ ಹೇಳಿದೆ ಕಣೇ, ಬೆವರಿದ್ರು. ಒಬ್ಬರು ಒಲ್ಲೆನೆಂದರೂ ಠರಾವು ಬಿದ್ದುಹೋಗುವ ಸಭೆಯಲ್ಲವೇ ಇದು, ಧನ್ಯವಾದ ಅಧ್ಯಕ್ಷರೇ, ನಾವೂ ಒಪ್ಪಿದೆವು ಎಂದಳು, ಸುತ್ತಿಗೆ ಟಪ್ಪೆಂದಿತು. ಏನಂದ್ರು ನಿನ್ನ ಮಂತ್ರಿ? ಹಗುರಾಯ್ತು ಅಂದ್ರು ಅಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಗು, ಮೈಯೆಲ್ಲ ಸಡಿಲ, ನೆನಪಲ್ಲಿ ಬಪ್ಪ ಗಳ ಸೆಳೆದು ಥಟ್ಟನೆ ದಾರ ಸಡಿಲ ಬಿಡುತ್ತಾನೆ, ಹಿಮ್ಮುಳ್ಳಿಲ್ಲದ ಗಾಳ, ಮೀನು ತಾನಾಗಿಯೇ ಕಳಚಿಕೊಂಡು, ಬೆಳ್ಳಗೆ, ಇನ್ನೂ ದೋಣಿಗೆ ಬಿದ್ದಿಲ್ಲ, ಗಾಳಿಯಲ್ಲಿ ಮೀನು — ಗಾಳಿಯಲ್ಲೇ, ಮೀನು —